ಜೇನುತುಪ್ಪವಿಲ್ಲದೆ ಬೀ ಬಾಮ್ ಮನೆಮದ್ದು: ತಯಾರಿಸುವ ವಿಧಾನ ಮತ್ತು ಮಿತಿಗಳು

ಅಮೆರಿಕ ಮತ್ತು ಕೆನಡಾದ ಮನೆಗಳ ಹಿತ್ತಿಲಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕೆಂಪು, ಗುಲಾಬಿ ಅಥವಾ ನಸುನೇರಳೆ ಬಣ್ಣದ, ಎಳೆ ಎಳೆಯಾಗಿ ಕೆದರಿದಂತೆ ಕಾಣುವ ಹೂ ಬಿಡುವ ಗಿಡವೊಂದಿದೆ. ಅದರ ಹೆಸರು ಬೀ ಬಾಮ್. ನೆಗಡಿ, ಗಂಟಲು ಕೆರೆತ, ಕಟ್ಟಿದ ಮೂಗು, ಹೊಟ್ಟೆಯುಬ್ಬರ ಇಂತಹ ಸಣ್ಣ ತೊಂದರೆಗಳಿಗೆ ಇದರ ಎಲೆ ಮತ್ತು ಹೂಗಳನ್ನು ಬಳಸುವ ರೂಢಿ ಆ ದೇಶಗಳಲ್ಲಿ ಬಹಳ ಹಳೆಯದು.

ಆದರೆ ಅಲ್ಲಿನ ಮನೆಮದ್ದಿನ ಪುಸ್ತಕಗಳಲ್ಲಿರುವ ವಿಧಾನವನ್ನು ಶ್ರಾವಕರ ಮನೆಯಲ್ಲಿ ಹಾಗೆಯೇ ಅನುಸರಿಸಲು ಬರುವುದಿಲ್ಲ. ಕೆಮ್ಮಿನ ಸಿರಪ್‌ಗೆ ಜೇನುತುಪ್ಪ, ಟಿಂಕ್ಚರಿಗೆ ಮದ್ಯಸಾರ, ಮುಲಾಮಿಗೆ ಜೇನುಮೇಣ ಎಂದು ಅವುಗಳಲ್ಲಿ ಬರೆದಿರುತ್ತದೆ. ಮದ್ಯ, ಮಾಂಸ, ಮಧು ಈ ಮೂರರ ತ್ಯಾಗ ಶ್ರಾವಕನ ಅಷ್ಟ ಮೂಲಗುಣಗಳಲ್ಲಿ ಸೇರಿದೆ. ಹಾಗೆಂದು ಜೇನುತುಪ್ಪದ ಬದಲು ಅಷ್ಟೇ ಬೆಲ್ಲದ ಪಾಕ ಸುರಿದರೆ ಮದ್ದು ಕೆಡುತ್ತದೆ. ಏಕೆಂದರೆ ಜೇನುತುಪ್ಪ, ಮದ್ಯಸಾರ, ಜೇನುಮೇಣ ಇವು ಮದ್ದಿನಲ್ಲಿ ಒಂದೊಂದು ಕೆಲಸ ಮಾಡುತ್ತವೆ. ಆ ಕೆಲಸ ಯಾವುದೆಂದು ತಿಳಿದರೆ ಅದನ್ನು ಬೇರೆ ವಸ್ತುವಿನಿಂದ ಮಾಡಿಸಬಹುದು.

ಗಿಡದ ಪರಿಚಯ

ಬೀ ಬಾಮ್ ತುಳಸಿ ಮತ್ತು ಪುದೀನದ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಗಿಡ. ಕಾಂಡ ಚೌಕಾಕಾರ, ಎಲೆಗಳು ಎದುರುಬದುರು, ಎತ್ತರ ಸಾಮಾನ್ಯವಾಗಿ 2ರಿಂದ 4 ಅಡಿ. ಚಳಿಗಾಲದಲ್ಲಿ ಮೇಲ್ಭಾಗ ಒಣಗಿ, ವಸಂತದಲ್ಲಿ ಬುಡದಿಂದ ಮತ್ತೆ ಚಿಗುರುತ್ತದೆ. ಇದರ ಕುಲದ ಹೆಸರು ಮೊನಾರ್ಡಾ. ಅಮೆರಿಕ ಖಂಡದ ಔಷಧಿ ಸಸ್ಯಗಳ ಬಗ್ಗೆ 16ನೇ ಶತಮಾನದಲ್ಲಿ ಬರೆದ ಸ್ಪೇನಿನ ಸೆವಿಲ್ ನಗರದ ವೈದ್ಯ ನಿಕೊಲಾಸ್ ಮೊನಾರ್ಡೆಸ್ ಅವರ ನೆನಪಿಗೆ ಈ ಹೆಸರು ಬಂದಿದೆ.

ಮನೆತೋಟಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಜಾತಿ. ಕೆಂಪು ಹೂವಿನ ಮೊನಾರ್ಡಾ ಡಿಡಿಮಾ ಒಂದು. ನಸುನೇರಳೆ ಹೂವಿನ ಮೊನಾರ್ಡಾ ಫಿಸ್ಟುಲೋಸಾ ಇನ್ನೊಂದು. ಎರಡನೆಯದು ಹೆಚ್ಚು ಖಾರ, ಘಾಟು. ಮೊದಲನೆಯದರ ರುಚಿ ಮೃದು, ಆದ್ದರಿಂದ ಚಹಾಕ್ಕೆ ಅದನ್ನೇ ಹೆಚ್ಚು ಬಳಸುತ್ತಾರೆ.

ಹೆಸರಿನ ವಿಷಯದಲ್ಲಿ ಎರಡು ಗೊಂದಲಗಳಿವೆ. ಈ ಗಿಡಕ್ಕೆ ಬರ್ಗಮಾಟ್ ಎಂಬ ಹೆಸರೂ ಇದೆ. ಆದರೆ ಅರ್ಲ್ ಗ್ರೇ ಚಹಾದಲ್ಲಿರುವ ಬರ್ಗಮಾಟ್ ನಿಂಬೆ ಜಾತಿಯ ಒಂದು ಹಣ್ಣಿನ ಸಿಪ್ಪೆಯ ಎಣ್ಣೆ. ಅದಕ್ಕೂ ಇದಕ್ಕೂ ವಾಸನೆಯ ಹೋಲಿಕೆ ಬಿಟ್ಟರೆ ಸಂಬಂಧವಿಲ್ಲ. ಲೆಮನ್ ಬಾಮ್ ಎಂಬುದೂ ಬೇರೆ ಗಿಡ, ಅದರ ಗುಣವೂ ಬೇರೆ. ನರ್ಸರಿಯಿಂದ ತರುವಾಗ ಚೀಟಿಯಲ್ಲಿ ಮೊನಾರ್ಡಾ ಎಂಬ ಹೆಸರು ಇದೆಯೇ ಎಂದು ನೋಡಬೇಕು.

ಬಳಕೆಯ ಇತಿಹಾಸ

ಈ ಗಿಡದ ಔಷಧಿ ಗುಣವನ್ನು ಮೊದಲು ಕಂಡುಕೊಂಡವರು ಉತ್ತರ ಅಮೆರಿಕದ ಮೂಲನಿವಾಸಿಗಳು. ಒಜಿಬ್ವೆ ಜನ ಮೂಗು ಕಟ್ಟಿದಾಗ ಗಿಡವನ್ನು ಕುದಿಸಿ ಅದರ ಆವಿ ತೆಗೆದುಕೊಳ್ಳುತ್ತಿದ್ದರು. ಮೆನಾಮಿನಿ ಜನ ಇದನ್ನು ನೀರಿನಲ್ಲಿ ನೆನೆಸಿ ಕುಡಿಯುತ್ತಿದ್ದರು. ಪೆನ್ಸಿಲ್ವೇನಿಯಾದ ಸಸ್ಯ ಸಂಗ್ರಾಹಕ ಜಾನ್ ಬಾರ್ಟ್ರಾಮ್ ಅವರು 1743ರಲ್ಲಿ ಒಂಟಾರಿಯೊ ಸರೋವರದ ದಂಡೆಯಲ್ಲಿರುವ ಒಸ್ವೆಗೊಗೆ ಹೋಗಿದ್ದರು. ಅವರು ಕಳುಹಿಸಿದ ಬೀಜದಿಂದ ಈ ಗಿಡ ಇಂಗ್ಲೆಂಡಿನ ತೋಟಗಳನ್ನು ಸೇರಿತು. ಒಸ್ವೆಗೊ ಚಹಾ ಎಂಬ ಹೆಸರು ಬಂದದ್ದು ಆ ಊರಿನಿಂದ. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಬ್ರಿಟಿಷ್ ಚಹಾದ ಪೆಟ್ಟಿಗೆಗಳನ್ನು ನೀರಿಗೆ ಎಸೆದ ಪ್ರಸಂಗದ ಕಾಲದಲ್ಲಿ, ಚಹಾ ಬಹಿಷ್ಕರಿಸಿದವರು ಕುಡಿದ ಬದಲಿ ಪಾನೀಯಗಳಲ್ಲಿ ಇದೂ ಒಂದು.

ಗುಣಕ್ಕೆ ಕಾರಣ

ಬೀ ಬಾಮ್ ಎಲೆಯನ್ನು ತಿಕ್ಕಿ ಮೂಸಿದರೆ ಕರ್ನಾಟಕದಿಂದ ಹೋದವರಿಗೆ ಓಮಕಾಳಿನ ನೆನಪಾಗುತ್ತದೆ. ಕಾರಣ, ಓಮಕಾಳಿನ ಘಾಟಿಗೆ ಮೂಲವಾದ ಥೈಮಾಲ್ ಎಂಬ ಪದಾರ್ಥ ಇದರಲ್ಲೂ ಇದೆ. ಜೊತೆಗೆ ಕಾರ್ವಕ್ರಾಲ್ ಎಂಬುದೂ ಇರುತ್ತದೆ. ನೆಗಡಿಯಾದ ಮಕ್ಕಳಿಗೆ ನಮ್ಮ ಕಡೆ ಬಾಡಿಸಿ ರಸ ಹಿಂಡುವ ದೊಡ್ಡಪತ್ರೆಯಲ್ಲೂ ಇದೇ ಗುಂಪಿನ ಪದಾರ್ಥಗಳಿವೆ.

ಥೈಮಾಲ್ ಬ್ಯಾಕ್ಟೀರಿಯಾ ಮತ್ತು ಬೂಷ್ಟುಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡುಬಂದ ವಿಷಯ. ಅಂಗಡಿಯಲ್ಲಿ ಸಿಗುವ ಕೆಲವು ಮೌತ್‌ವಾಶ್‌ಗಳಲ್ಲಿ ಅದನ್ನು ಬಳಸುವುದೂ ಇದೇ ಕಾರಣಕ್ಕೆ. ಆದರೆ ಬೀ ಬಾಮ್ ಚಹಾ ಕುಡಿದ ರೋಗಿಗಳ ಮೇಲೆ ನಡೆದ ವೈದ್ಯಕೀಯ ಪರೀಕ್ಷೆಗಳು ತೀರ ಕಡಿಮೆ. ಆದ್ದರಿಂದ ಇದನ್ನು ಗಂಟಲಿಗೆ, ಮೂಗಿಗೆ ಹಿತ ನೀಡುವ ಮನೆಮದ್ದೆಂದು ಬಳಸಬೇಕೇ ಹೊರತು ಸೋಂಕನ್ನು ಗುಣಪಡಿಸುವ ಔಷಧವೆಂದು ಅಲ್ಲ.

ಥೈಮಾಲ್ ಬಿಸಿಯಲ್ಲಿ ಆವಿಯಾಗಿ ಹೋಗುತ್ತದೆ. ಹೀಗಾಗಿ ನಮ್ಮ ಕಷಾಯದಂತೆ ಇದನ್ನು ಕುದಿಸಿ ಇಳಿಸಿದರೆ ಘಮವೆಲ್ಲ ಅಡುಗೆಮನೆಗೆ, ಕಹಿ ಮಾತ್ರ ಲೋಟಕ್ಕೆ. ಕುದಿದ ನೀರನ್ನು ಮೇಲೆ ಸುರಿದು ಮುಚ್ಚಿಡುವುದೇ ಸರಿಯಾದ ಕ್ರಮ.

ಹೂವೋ ಎಲೆಯೋ

ಪುಸ್ತಕಗಳಲ್ಲಿ ಹೂವಿಗೆ ಹೆಚ್ಚು ಪ್ರಚಾರವಿದ್ದರೂ ಮದ್ದಿನ ಗುಣ ಎಲೆಯಲ್ಲೂ ಚೆನ್ನಾಗಿಯೇ ಇದೆ. ಹೂ ಕೊಡುವುದು ಮುಖ್ಯವಾಗಿ ಬಣ್ಣ ಮತ್ತು ಸ್ವಲ್ಪ ಸಿಹಿ ಘಮ. ಆಹಾರದಲ್ಲಿ ಹೂ ಬಳಸದ ಶ್ರಾವಕರಿಗೆ ಇದು ಅನುಕೂಲದ ವಿಷಯ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಫಲ ಅಲ್ಪ, ಜೀವಘಾತ ಬಹಳ ಎಂಬ ಕಾರಣಕ್ಕೆ ಬಿಡಬೇಕೆಂದು ಹೇಳುವ ವಸ್ತುಗಳಲ್ಲಿ ಬೇವಿನ ಹೂ, ಕೇದಗೆ ಹೂ ಮತ್ತು ಹಸಿಶುಂಠಿ ಸೇರಿವೆ. ಬೀ ಬಾಮ್ ಹೂವೂ ಕೊಳವೆಗಳ ಗೊಂಚಲು. ಕಣ್ಣಿಗೆ ಸುಲಭವಾಗಿ ಕಾಣದ ಥ್ರಿಪ್ಸ್ ಎಂಬ ಸಣ್ಣ ಕೀಟಗಳು ಆ ಕೊಳವೆಗಳಲ್ಲಿ ಅಡಗಿರುತ್ತವೆ. ತೊಳೆದರೆ ಅವು ಹೊರಬರುವುದಿಲ್ಲ, ನೀರಿನಲ್ಲಿ ಸಾಯುತ್ತವೆ.

ಆದ್ದರಿಂದ ಕೆಳಗಿನ ಎಲ್ಲ ವಿಧಾನಗಳನ್ನೂ ಎಲೆಗೆ ಅನ್ವಯಿಸಿ ಕೊಡಲಾಗಿದೆ. ಹೂವನ್ನೇ ಬಳಸುವವರು ಒಂದೊಂದು ಎಸಳನ್ನೂ ಗೊಂಚಲಿನಿಂದ ಬಿಡಿಸಿ, ಬಿಳಿ ಬಟ್ಟೆಯ ಮೇಲೆ ನೆರಳಿನಲ್ಲಿ ಒಂದು ಗಂಟೆ ಹರಡಿ, ಕೀಟಗಳು ಹೊರಟುಹೋದ ಮೇಲೆ ಪರಿಶೀಲಿಸಿ ತೆಗೆದುಕೊಳ್ಳಬೇಕು.

ಕೊಯ್ಲು ಮತ್ತು ಒಣಗಿಸುವಿಕೆ

ಎಲೆಯಲ್ಲಿ ಘಾಟು ಹೆಚ್ಚಿರುವುದು ಮೊಗ್ಗು ಮೂಡುವ ಹೊತ್ತಿನಲ್ಲಿ, ಅಂದರೆ ಬಹುಪಾಲು ಪ್ರದೇಶಗಳಲ್ಲಿ ಜೂನ್ ತಿಂಗಳಲ್ಲಿ. ಆಗ ಗಿಡದ ಮೇಲೆ ಜೇನ್ನೊಣಗಳ ಓಡಾಟವೂ ಕಡಿಮೆ. ಚಾತುರ್ಮಾಸದಲ್ಲಿ ಹಸಿರು ಸೊಪ್ಪು ತ್ಯಜಿಸುವವರಿಗೂ ಅದಕ್ಕೆ ಮುಂಚೆಯೇ ಕೊಯ್ದು ಒಣಗಿಸಿಡಲು ಇದು ತಕ್ಕ ಕಾಲ.

ಹೂ ಬಿಟ್ಟ ಮೇಲೆ ಕೊಯ್ಯುವುದಾದರೆ ಬೆಳಗಿನ ಜಾವ ಬೇಡ. ರಾತ್ರಿ ಹೂವಿನ ಮೇಲೆಯೇ ಮಲಗಿದ ಬಂಬಲ್ ಬೀಗಳು ಚಳಿಗೆ ಆಗ ಅಲುಗಾಡದೆ ಕುಳಿತಿರುತ್ತವೆ. ಇಬ್ಬನಿ ಆರಿ, ಬಿಸಿಲು ಬಂದ ಮೇಲೆ ಕಾಂಡವನ್ನು ಮೆಲ್ಲಗೆ ಅಲುಗಿಸಿ ನೋಡಿ ಕೊಯ್ಯಬೇಕು. ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿದ್ದರೆ ಗಿಡಕ್ಕೂ ಸುಖ, ಅದನ್ನೇ ನಂಬಿದ ಬಂಬಲ್ ಬೀ ಮತ್ತು ಹಮಿಂಗ್ ಬರ್ಡ್‌ಗಳಿಗೂ ಆಹಾರ ಉಳಿಯುತ್ತದೆ.

ಎರಡು ವಿಷಯಗಳಲ್ಲಿ ಎಚ್ಚರ ಬೇಕು. ಮೊದಲನೆಯದಾಗಿ, ಬೇಸಿಗೆಯ ಕೊನೆಗೆ ಈ ಗಿಡದ ಎಲೆಗಳ ಮೇಲೆ ಬಿಳಿ ಹಿಟ್ಟಿನಂತೆ ಬೂದಿರೋಗ ಬರುವುದು ಸಾಮಾನ್ಯ. ಅಂತಹ ಎಲೆಯನ್ನು ಬಳಸಬಾರದು. ಎರಡನೆಯದಾಗಿ, ನರ್ಸರಿಯಿಂದ ತಂದ ಹೊಸ ಗಿಡಕ್ಕೆ ಕೀಟನಾಶಕ ಹಾಕಿರುವ ಸಾಧ್ಯತೆ ಇರುತ್ತದೆ. ಕೆಲವು ಕೀಟನಾಶಕಗಳು ಗಿಡದ ಒಳಗೇ ಸೇರಿಕೊಳ್ಳುವುದರಿಂದ ತೊಳೆದರೆ ಹೋಗುವುದಿಲ್ಲ. ಕೀಟನಾಶಕ ಬಳಸಿಲ್ಲವೆಂದು ಖಚಿತವಾಗದಿದ್ದರೆ ಮೊದಲ ವರ್ಷದ ಎಲೆಯನ್ನು ಮದ್ದಿಗೆ ತೆಗೆದುಕೊಳ್ಳದಿರುವುದು ಒಳ್ಳೆಯದು. ಬೀಜದಿಂದ ಬೆಳೆಸಿದರೆ ಈ ಚಿಂತೆಯಿಲ್ಲ.

ಕೊಯ್ದ ಕಾಂಡಗಳನ್ನು ಐದಾರರಂತೆ ಸಣ್ಣ ಕಟ್ಟು ಕಟ್ಟಿ, ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಬೇಕು. ಏಳರಿಂದ ಹತ್ತು ದಿನಗಳಲ್ಲಿ ಎಲೆ ಹಪ್ಪಳದಂತೆ ಮುರಿಯುವ ಹದಕ್ಕೆ ಬರುತ್ತದೆ. ಅರ್ಧ ಒಣಗಿದ್ದನ್ನು ಡಬ್ಬಿಗೆ ಹಾಕಿದರೆ ಬೂಷ್ಟು ಬರುವುದು ಖಂಡಿತ. ಗಾಜಿನ ಡಬ್ಬಿಯಲ್ಲಿ ಹಾಕಿ, ದಿನಾಂಕ ಬರೆದು, ಬೆಳಕು ಬೀಳದ ಕಡೆ ಇಟ್ಟರೆ ಸುಮಾರು ಒಂದು ವರ್ಷ ಘಮ ಉಳಿಯುತ್ತದೆ. ಒಣ ಪದಾರ್ಥಗಳಿಗೂ ಕಾಲಮರ್ಯಾದೆ ಪಾಲಿಸುವ ಮನೆಗಳಲ್ಲಿ ಅದರಂತೆಯೇ ಸ್ವಲ್ಪ ಸ್ವಲ್ಪ ಒಣಗಿಸಿ ಬಳಸಬಹುದು.

1. ಚಹಾ

ಒಂದು ಟೀ ಚಮಚ ಒಣ ಎಲೆಗೆ ಅಥವಾ ಮೂರು ಟೀ ಚಮಚ ಹೆಚ್ಚಿದ ಹಸಿ ಎಲೆಗೆ, ಸೋಸಿ ಕುದಿಸಿದ ಒಂದು ಕಪ್ (240 ಮಿ.ಲೀ.) ನೀರನ್ನು ಸುರಿದು, ಮುಚ್ಚಳ ಹಾಕಿ 10 ನಿಮಿಷ ಬಿಡಬೇಕು. ಮುಚ್ಚಳದ ಒಳಗೆ ಕೂತ ಹನಿಗಳನ್ನೂ ಲೋಟಕ್ಕೆ ಇಳಿಸಿಕೊಳ್ಳಬೇಕು, ಘಮ ಇರುವುದು ಅದರಲ್ಲಿ. ಸೋಸಿ, ಬೇಕಾದರೆ ಒಂದು ಚಿಟಿಕೆ ಒಣಶುಂಠಿ ಪುಡಿ ಮತ್ತು ಸ್ವಲ್ಪ ಬೆಲ್ಲ ಸೇರಿಸಿ ಕುಡಿಯಬಹುದು. ದೊಡ್ಡವರಿಗೆ ದಿನಕ್ಕೆ ಎರಡು ಕಪ್, ಮೂರು ನಾಲ್ಕು ದಿನ ಸಾಕು. ಊಟದ ನಂತರದ ಹೊಟ್ಟೆಯುಬ್ಬರಕ್ಕೂ ಇದೇ ಚಹಾ ಹಿತ.

2. ಬಾಯಿ ಮುಕ್ಕಳಿಸುವ ನೀರು

ಎರಡು ಟೀ ಚಮಚ ಒಣ ಎಲೆಯನ್ನು ಒಂದು ಕಪ್ ಕುದಿದ ನೀರಿನಲ್ಲಿ 15 ನಿಮಿಷ ಮುಚ್ಚಿಟ್ಟು ಸೋಸಿ, ಅರ್ಧ ಟೀ ಚಮಚ ಉಪ್ಪು ಸೇರಿಸಿ, ಬೆಚ್ಚಗಿರುವಾಗ ಗಂಟಲಿಗೆ ತಾಗುವಂತೆ ಮುಕ್ಕಳಿಸಿ ಉಗುಳಬೇಕು. ಗಂಟಲು ಕೆರೆತಕ್ಕೂ ವಸಡಿನ ನೋವಿಗೂ ದಿನಕ್ಕೆ ಎರಡು ಮೂರು ಬಾರಿ ಬಳಸಬಹುದು. ಪ್ರತಿ ಬಾರಿಯೂ ಹೊಸದಾಗಿ ಮಾಡಿಕೊಳ್ಳಬೇಕು.

3. ಆವಿ

ಅಗಲವಾದ ಪಾತ್ರೆಯಲ್ಲಿ ಎರಡು ದೊಡ್ಡ ಚಮಚ ಒಣ ಎಲೆ ಹಾಕಿ, ಬಿಸಿನೀರು ಸುರಿದು, ಒಂದೆರಡು ನಿಮಿಷ ಕಾದು, ಮುಖವನ್ನು ಸುಮಾರು ಒಂದು ಅಡಿ ದೂರದಲ್ಲಿಟ್ಟು ಐದು ನಿಮಿಷ ಆವಿ ತೆಗೆದುಕೊಳ್ಳಬೇಕು. ಕಣ್ಣು ಮುಚ್ಚಿರಬೇಕು. ಪಾತ್ರೆ ಅಲುಗಾಡದಂತೆ ಮೇಜಿನ ಮೇಲಿರಬೇಕು, ಮಡಿಲಲ್ಲಿ ಇಟ್ಟುಕೊಳ್ಳಬಾರದು. ಬಿಸಿನೀರು ಚೆಲ್ಲಿ ಸುಡುವ ಅಪಾಯ ಇರುವುದರಿಂದ ಸಣ್ಣ ಮಕ್ಕಳಿಗೆ ಈ ವಿಧಾನ ಬೇಡ. ಆಸ್ತಮಾ ಇದ್ದವರಿಗೂ ಘಾಟಿನಿಂದ ತೊಂದರೆ ಹೆಚ್ಚಬಹುದು.

ರಾತ್ರಿ ಭೋಜನ ತ್ಯಾಗದ ನಿಯಮ ಇರುವವರಿಗೆ ಈ ವಿಧಾನ ವಿಶೇಷವಾಗಿ ಉಪಯುಕ್ತ. ನೆಗಡಿ ಹೆಚ್ಚಾಗುವುದು ಚಳಿಗಾಲದಲ್ಲಿ, ಮೂಗು ಕಟ್ಟುವುದು ಮಲಗುವ ಹೊತ್ತಿಗೆ. ಡಿಸೆಂಬರ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಸಂಜೆ 4:30ರ ಸುಮಾರಿಗೇ ಸೂರ್ಯಾಸ್ತವಾಗುತ್ತದೆ. ಚಹಾವನ್ನು ಮಧ್ಯಾಹ್ನವೇ ಮುಗಿಸಿ, ರಾತ್ರಿಗೆ ಆವಿಯನ್ನು ಉಳಿಸಿಕೊಳ್ಳಬಹುದು.

4. ಜೇನುತುಪ್ಪವಿಲ್ಲದ ಸಿರಪ್

ಜೇನುತುಪ್ಪದಲ್ಲಿ ನೀರಿನ ಅಂಶ ನೂರಕ್ಕೆ 18ರ ಆಸುಪಾಸು ಮಾತ್ರ. ಅಷ್ಟು ಗಟ್ಟಿಯಾದ ಸಿಹಿಯಲ್ಲಿ ಸೂಕ್ಷ್ಮಾಣುಗಳು ಬೆಳೆಯಲಾರವು. ಜೇನುತುಪ್ಪ ಹಾಕಿದ ಮದ್ದು ಬೇಗ ಕೆಡದಿರುವುದು ಇದರಿಂದಲೇ. ಸಕ್ಕರೆ ಪಾಕಕ್ಕೂ ಈ ಶಕ್ತಿ ಬರಬೇಕಾದರೆ ಅದು ತೆಳ್ಳಗಿರಬಾರದು. ಔಷಧ ತಯಾರಿಕೆಯ ಸಾದಾ ಸಿರಪ್‌ನಲ್ಲಿ ಒಟ್ಟು ತೂಕದ ನೂರಕ್ಕೆ ಸುಮಾರು 65 ಭಾಗ ಸಕ್ಕರೆಯೇ ಇರುತ್ತದೆ. ಮನೆಯಲ್ಲೂ ಅದೇ ಅಳತೆ ಹಿಡಿಯಬೇಕು.

ಮೂರು ದೊಡ್ಡ ಚಮಚ ಒಣ ಎಲೆಯನ್ನು ಒಂದೂಕಾಲು ಕಪ್ ಕುದಿದ ನೀರಿನಲ್ಲಿ 30 ನಿಮಿಷ ಮುಚ್ಚಿಟ್ಟು, ಬಟ್ಟೆಯಲ್ಲಿ ಹಿಂಡಿ ಸೋಸಬೇಕು. ಸಿಕ್ಕ ರಸದಲ್ಲಿ 240 ಮಿ.ಲೀ. ಅಳೆದುಕೊಂಡು, 450 ಗ್ರಾಂ ಸಕ್ಕರೆ ಹಾಕಿ, ಸಣ್ಣ ಉರಿಯಲ್ಲಿ ಕರಗುವಷ್ಟು ಮಾತ್ರ ಬಿಸಿ ಮಾಡಬೇಕು. ಕುದಿಸಿ ತೊಳೆದ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟು ಎರಡು ಮೂರು ವಾರಗಳಲ್ಲಿ ಮುಗಿಸಬೇಕು. ತಳದಲ್ಲಿ ಹರಳು ಕಟ್ಟಿದರೆ ಬಾಟಲಿಯನ್ನು ಬೆಚ್ಚನೆಯ ನೀರಿನಲ್ಲಿಟ್ಟರೆ ಕರಗುತ್ತದೆ. ನೊರೆ, ಹುಳಿ ವಾಸನೆ ಕಂಡರೆ ಚೆಲ್ಲಬೇಕು. ಬೆಲ್ಲ ಬಳಸಿದರೆ ಇಷ್ಟು ದಿನ ಬಾಳುವುದಿಲ್ಲ, ಎರಡು ಮೂರು ದಿನಕ್ಕಾಗುವಷ್ಟು ಮಾತ್ರ ಮಾಡಬೇಕು. ದೊಡ್ಡವರು ಒಂದು ಟೀ ಚಮಚದಂತೆ ದಿನಕ್ಕೆ ಮೂರು ಬಾರಿ, ಬೆಚ್ಚನೆಯ ನೀರಿನೊಂದಿಗೆ ತೆಗೆದುಕೊಳ್ಳಬಹುದು. ಮಧುಮೇಹ ಇರುವವರಿಗೆ ಸಿರಪ್ ಬೇಡ, ಚಹಾ ಸಾಕು.

ಅಮೆರಿಕದಲ್ಲಿ ಸಕ್ಕರೆ ಕೊಳ್ಳುವಾಗ ಇನ್ನೊಂದು ವಿಷಯ ಗಮನಿಸಬೇಕು. ಅಲ್ಲಿನ ಕೆಲವು ಕಾರ್ಖಾನೆಗಳಲ್ಲಿ ಕಬ್ಬಿನ ಸಕ್ಕರೆಯನ್ನು ಬಿಳಿಮಾಡಲು ಪ್ರಾಣಿಗಳ ಮೂಳೆಯ ಇದ್ದಿಲನ್ನು ಬಳಸುತ್ತಾರೆ. ಬೀಟ್ ಸಕ್ಕರೆಗೂ ಯು.ಎಸ್.ಡಿ.ಎ. ಆರ್ಗ್ಯಾನಿಕ್ ಮುದ್ರೆಯ ಸಕ್ಕರೆಗೂ ಅದನ್ನು ಬಳಸುವುದಿಲ್ಲ. ಬೀಟ್ ಎಂಬುದು ಗಡ್ಡೆಯಾದ್ದರಿಂದ ಕಂದಮೂಲ ಬಿಟ್ಟವರಿಗೆ ಆರ್ಗ್ಯಾನಿಕ್ ಕಬ್ಬಿನ ಸಕ್ಕರೆಯೇ ಸೂಕ್ತ.

5. ಮದ್ಯಸಾರವಿಲ್ಲದ ಸಾರ

ಟಿಂಕ್ಚರಿನಲ್ಲಿ ಮದ್ಯಸಾರಕ್ಕೆ ಎರಡು ಕೆಲಸ: ಎಲೆಯ ಗುಣವನ್ನು ಹೊರಗೆಳೆಯುವುದು ಮತ್ತು ಕೆಡದಂತೆ ಇಡುವುದು. ಗ್ಲಿಸರಿನ್ ಈ ಎರಡನ್ನೂ ಮಾಡುತ್ತದೆ, ಆದರೆ ಸ್ವಲ್ಪ ನಿಧಾನವಾಗಿ, ಸ್ವಲ್ಪ ಕಡಿಮೆ ಬಲದಲ್ಲಿ. ಗ್ಲಿಸರಿನ್ ಪ್ರಾಣಿಗಳ ಕೊಬ್ಬಿನಿಂದಲೂ ತಯಾರಾಗುತ್ತದೆ. ಆದ್ದರಿಂದ ಚೀಟಿಯ ಮೇಲೆ ವೆಜಿಟೆಬಲ್ ಗ್ಲಿಸರಿನ್ ಎಂದೂ ಆಹಾರಕ್ಕೆ ಯೋಗ್ಯ ಎಂದೂ ಇರುವುದನ್ನೇ ಕೊಳ್ಳಬೇಕು.

ಗಾಜಿನ ಜಾಡಿಯ ಅರ್ಧದಷ್ಟು ಪುಡಿಮಾಡಿದ ಒಣ ಎಲೆ ತುಂಬಿ, ಮೂರು ಪಾಲು ಗ್ಲಿಸರಿನ್‌ಗೆ ಒಂದು ಪಾಲು ಕುದಿಸಿ ಆರಿಸಿದ ನೀರು ಬೆರೆಸಿ, ಎಲೆ ಪೂರ್ತಿ ಮುಳುಗುವಂತೆ ಸುರಿಯಬೇಕು. ದಿನಕ್ಕೊಮ್ಮೆ ಅಲುಗಿಸುತ್ತಾ ನಾಲ್ಕು ವಾರ ಇಟ್ಟು ಸೋಸಬೇಕು. ನೀರಿನ ಪಾಲು ಹೆಚ್ಚಿದರೆ ಕೆಡುತ್ತದೆ. ಅರ್ಧ ಟೀ ಚಮಚವನ್ನು ಬೆಚ್ಚನೆಯ ನೀರಿಗೆ ಹಾಕಿಕೊಂಡು ಕುಡಿಯಬಹುದು. ಇಷ್ಟು ದೀರ್ಘಕಾಲ ನೆನೆಸಿದ್ದನ್ನು ಸೇವಿಸದ ನಿಯಮ ಇರುವವರಿಗೆ ಆಗಾಗ ಮಾಡಿಕೊಳ್ಳುವ ಚಹಾವೇ ಸರಿ.

6. ಜೇನುಮೇಣವಿಲ್ಲದ ಮುಲಾಮು

ಸೊಳ್ಳೆ ಕಡಿತದ ತುರಿಕೆಗೆ, ಮಾಂಸಖಂಡಗಳ ನೋವಿಗೆ ಇದು ಹೊರಗೆ ಹಚ್ಚಲು. ಒಂದು ಕಪ್ ಪೂರ್ತಿ ಒಣಗಿದ ಎಲೆಯನ್ನು ಒಂದು ಕಪ್ ಕೊಬ್ಬರಿ ಎಣ್ಣೆ ಅಥವಾ ಆಲಿವ್ ಎಣ್ಣೆಗೆ ಹಾಕಿ, ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು ಸಣ್ಣ ಉರಿಯಲ್ಲಿ ಎರಡು ಗಂಟೆ ಬೆಚ್ಚಗಿಡಬೇಕು. ಸೋಸಿದ ಎಣ್ಣೆಗೆ ಜೇನುಮೇಣದ ಬದಲು ಕ್ಯಾಂಡೆಲಿಲ್ಲಾ ಮೇಣ ಹಾಕಬೇಕು. ಇದು ಮೆಕ್ಸಿಕೊ ಕಡೆಯ ಒಂದು ಕುರುಚಲು ಗಿಡದಿಂದ ತೆಗೆಯುವ ಮೇಣ. ಜೇನುಮೇಣಕ್ಕಿಂತ ಗಡುಸಾದ್ದರಿಂದ ಅರ್ಧ ಪ್ರಮಾಣ ಸಾಕು: ಒಂದು ಕಪ್ ಎಣ್ಣೆಗೆ ಸುಮಾರು 14 ಗ್ರಾಂ. ಕರಗಿಸಿ ಸಣ್ಣ ಡಬ್ಬಿಗಳಿಗೆ ಸುರಿದರೆ ಆರಿದ ಮೇಲೆ ಗಟ್ಟಿಯಾಗುತ್ತದೆ.

ಮೊದಲ ಸಲ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ನೋಡಬೇಕು. ತೆರೆದ ಗಾಯಕ್ಕೆ, ಕಣ್ಣಿನ ಬಳಿ ಹಚ್ಚಬಾರದು. ಎಲೆ ನೆನೆಸಿದ ಈ ಎಣ್ಣೆಯನ್ನು ಅಡುಗೆಗೆ ಬಳಸಬಾರದು. ಹಸಿ ಎಲೆ ಎಣ್ಣೆಯಲ್ಲಿ ಮುಳುಗಿದ್ದರೆ ಗಾಳಿಯಿಲ್ಲದ ಆ ಜಾಗದಲ್ಲಿ ಬಾಟುಲಿಸಂ ಎಂಬ ಮಾರಕ ಕಾಯಿಲೆ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು.

ಯಾರು ಬಳಸಬಾರದು

ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಇದನ್ನು ಮದ್ದಾಗಿ ಸೇವಿಸಬಾರದು. ಎಳೆಯ ಮಕ್ಕಳಿಗೆ ಕೊಡಬಾರದು. ತುಳಸಿ, ಪುದೀನ, ಓಮದೆಲೆಯಂತಹ ಗಿಡಗಳಿಂದ ಅಲರ್ಜಿ ಆಗುವವರು ದೂರವಿರಬೇಕು. ದಿನನಿತ್ಯ ಔಷಧಿ ತೆಗೆದುಕೊಳ್ಳುವವರು ತಮ್ಮ ವೈದ್ಯರಿಗೆ ತಿಳಿಸಿಯೇ ಆರಂಭಿಸಬೇಕು. ಅಂಗಡಿಯಲ್ಲಿ ಸಿಗುವ ಮೊನಾರ್ಡಾ ಎಸೆನ್ಷಿಯಲ್ ಎಣ್ಣೆ ಎಲೆಗಿಂತ ಬಹುಪಾಲು ತೀಕ್ಷ್ಣ. ಅದನ್ನು ಕುಡಿಯಲೇಬಾರದು.

ವೈದ್ಯರ ಬಳಿ ಹೋಗಬೇಕಾದ ಸಂದರ್ಭ

ಮನೆಮದ್ದಿನ ದೊಡ್ಡ ಅಪಾಯವೆಂದರೆ ಅದು ನೀಡುವ ತಾತ್ಕಾಲಿಕ ಹಿತ. ಶಾಲೆಗೆ ಹೋಗುವ ಮಗುವಿಗೆ ಜ್ವರದೊಂದಿಗೆ ಗಂಟಲು ನೋವು ಬಂದು, ಕೆಮ್ಮು ನೆಗಡಿ ಇಲ್ಲದಿದ್ದರೆ ಅದು ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾದ ಸೋಂಕಾಗಿರಬಹುದು. ಮುಕ್ಕಳಿಸಿದರೆ ನೋವು ಕಡಿಮೆಯಾಗುತ್ತದೆ, ಸೋಂಕು ಹೋಗುವುದಿಲ್ಲ. ಚಿಕಿತ್ಸೆ ಮಾಡದೆ ಬಿಟ್ಟರೆ ಕೆಲವರಲ್ಲಿ ಕೆಲವು ವಾರಗಳ ನಂತರ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳಿಗೆ ಶಾಶ್ವತ ಹಾನಿಯಾಗುತ್ತದೆ. ಗಂಟಲಿನ ದ್ರವದ ಸರಳ ಪರೀಕ್ಷೆಯಿಂದ ಇದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ, ಸರಿಯಾದ ಆಂಟಿಬಯೋಟಿಕ್‌ನಿಂದ ಗುಣವಾಗುತ್ತದೆ.

ಇದಲ್ಲದೆ ಉಸಿರಾಟಕ್ಕೆ ಕಷ್ಟ, ಎದೆನೋವು, ಉಗುಳು ನುಂಗಲಾಗದಷ್ಟು ಗಂಟಲು ನೋವು, ಕಫದಲ್ಲಿ ರಕ್ತ, ಮೂರು ದಿನಕ್ಕಿಂತ ಹೆಚ್ಚಿನ ಜ್ವರ, ಮೂರು ವಾರ ಕಳೆದರೂ ಹೋಗದ ಕೆಮ್ಮು ಇವುಗಳಲ್ಲಿ ಯಾವುದಿದ್ದರೂ ಮನೆಮದ್ದಿಗೆ ಕಾಯದೆ ವೈದ್ಯರನ್ನು ಕಾಣಬೇಕು. ಕ್ಯಾಪ್ಸೂಲಿನ ಹೊರಕವಚ ಜಿಲೆಟಿನ್ ಆಗಿರುತ್ತದೆ, ಕೆಮ್ಮಿನ ಔಷಧಿಯಲ್ಲಿ ಮದ್ಯಸಾರ ಇರುತ್ತದೆ ಎಂಬ ಶಂಕೆಯಿಂದ ಚಿಕಿತ್ಸೆಯನ್ನೇ ಮುಂದೂಡುವುದು ಬೇಡ. ವೈದ್ಯರಿಗೆ ಅಥವಾ ಔಷಧಿ ಅಂಗಡಿಯ ಫಾರ್ಮಸಿಸ್ಟ್‌ಗೆ ತಮ್ಮ ನಿಯಮವನ್ನು ಮೊದಲೇ ತಿಳಿಸಿದರೆ, ಹಲವು ಔಷಧಿಗಳಿಗೆ ಮಾತ್ರೆ ಅಥವಾ ಮದ್ಯಸಾರವಿಲ್ಲದ ದ್ರವ ರೂಪದ ಬದಲಿ ಇದೆಯೇ ಎಂದು ಅವರೇ ನೋಡಿ ಹೇಳುತ್ತಾರೆ.